ನಶ್ಯ ಬೀಳದ ಏಳು ಉತ್ತರಪತ್ರಿಕೆ

ಇಪ್ಪತ್ತರ ದಶಕದ ಕೊನೆಯ ಒಂದು ಏಪ್ರಿಲ್ ಶನಿವಾರ, ಮಧ್ಯಾಹ್ನ ಮೂರು ಗಂಟೆಗೆ, ಮೈಸೂರಿನ ನಮ್ಮ ಕಾಲೇಜಿನ ಮಹಡಿಯಲ್ಲಿ, ಇತಿಹಾಸದ ಪ್ರೊಫೆಸರರ ಎಡಗಡೆ, ಅವರ ಮೊಣಕೈಯಿಂದ ಒಂದು ಗೇಣು ದೂರದಲ್ಲಿ ನಾನು ನಿಂತಿದ್ದೆ. ಅವರು ಉತ್ತರಪತ್ರಿಕೆ ಓದಿ ಅಂಕ ಹೇಳುವುದು, ಕಿರಿಯ ಅಧ್ಯಾಪಕನಾದ ನಾನು ಪಟ್ಟಿಯಲ್ಲಿ ಬರೆಯುವುದು. ನಮ್ಮಲ್ಲಿ ಹಾಗೆ ನಡೆಯುತ್ತಿತ್ತು.

ಇನ್ನೊಬ್ಬ ಅಧ್ಯಾಪಕರು ನಿವೃತ್ತರಾದ ಮೇಲೆ ಅವರ ತರಗತಿಗಳೂ ಇವರ ತಲೆಗೇ ಬಂದಿದ್ದವು. ಸಂಜೆ ಪಠ್ಯಪುಸ್ತಕದ ಸಮಿತಿ, ಬೆಳಗಿನ ಜಾವ ಈ ಪತ್ರಿಕೆಗಳ ಕಟ್ಟು. "ಮಲಗಿದ್ರೆ ಬರೋದಿಲ್ಲ, ಕೂತ್ರೆ ಬಿಡೋದಿಲ್ಲ ಕಣ್ರೀ, ಈ ನಿದ್ದೆ," ಎನ್ನುತ್ತಿದ್ದರು. ಎಚ್ಚರವಾಗಿರಲು ಪುಟಕ್ಕೊಂದು ಚಿಟಿಕೆ ನಶ್ಯ ಏರಿಸುತ್ತಿದ್ದರು. ಅವರು ಓದಿದ ಪ್ರತಿ ಹಾಳೆಯ ಮೇಲೂ ಕಂದು ಪುಡಿ, ಮೂಗಿನಿಂದ ತೊಟ್ಟಿಕ್ಕಿದ ಕಂದು ಹನಿ. ಮುಟ್ಟಲು ನನಗೆ ಹೇಸಿಗೆ. ಪ್ರತಿ ಸಲ ಕೈ ತೊಳೆಯುತ್ತಿದ್ದೆ.

ಕಟ್ಟಿನಲ್ಲಿ ಕೊನೆಗೆ ಏಳು ಉಳಿದಿದ್ದವು. "ಮೂವತ್ತೆರಡು" ಎಂದರು. ಬರೆದೆ. ಮುಂದಿನದಕ್ಕೂ ಮೂವತ್ತೆರಡು. ಮೂರನೆಯದಕ್ಕೂ ಅದೇ. ತೇರ್ಗಡೆಗೆ ಮೂವತ್ತೈದು ಬೇಕು. ತಲೆಯೆತ್ತಿದೆ. ಅವರ ಕಣ್ಣುಗಳು ತೆರೆದೇ ಇದ್ದವು, ಪತ್ರಿಕೆಯ ಮೇಲಿರಲಿಲ್ಲ. ಕೈ ಮಾತ್ರ ಒಂದೊಂದನ್ನೇ, ಪುಟ ಬಿಡಿಸದೆ, ಬಲಗಡೆಯ ರಾಶಿಗೆ ಸರಿಸುತ್ತಿತ್ತು. ಏಳಕ್ಕೂ ಮೂವತ್ತೆರಡು. ಏಳೂ ಬೆಳ್ಳಗಿದ್ದವು, ಒಂದು ಚೂರು ನಶ್ಯ ಇರಲಿಲ್ಲ.

ಎದುರಿಗೆ ಕೂತಿದ್ದ ಮುಖ್ಯ ಪರೀಕ್ಷಕರಿಗೂ ಕಾಣಿಸಿತ್ತು. ನಕ್ಕರು. "ನೋಡಿದ್ರಾ? ಕಣ್ಣು ಬಿಟ್ಕೊಂಡೇ ನಿದ್ದೆ! ಕುಂಭಕರ್ಣನ್ಗೂ ಈ ವಿದ್ಯೆ ಬರ್ತಿರ್ಲಿಲ್ಲ!"

"ಸಾರ್, ಈ ಏಳನ್ನ ಮತ್ತೆ ಓದಿಸ್ಬೇಕು. ಹುಡುಗ್ರು ಫೇಲಾಗ್ಬುಡ್ತಾರೆ," ಎಂದೆ.

"ಮುದ್ರೆಗೆ ಅರಗು ಕರಗಿದೆ, ಕಟ್ಟು ಒಯ್ಯೋಕೆ ಕೆಳಗೆ ಟಾಂಗಾ ನಿಂತಿದೆ. ಸೈನ್ ಮಾಡ್ರೀ. ಅವರೇನು ಫಸ್ಟ್ ಕ್ಲಾಸ್ ಹೊಡೀತಿದ್ರಾ? ಇನ್ನೊಂದ್ಸಲ ಪರೀಕ್ಷೆ ಕಟ್ಲಿ ಬುಡ್ರೀ."

ಅರಗಿನ ಮುದ್ರೆ ಬಿದ್ದ ಕಟ್ಟನ್ನು ಆಮೇಲೆ ಯಾರೂ ಬಿಚ್ಚುವುದಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಪಟ್ಟಿಯ ಕೆಳಗೆ ಸಹಿ ಹಾಕಿದೆ. ಬಾಗಿಲ ಬಳಿ ಎಲ್ಲವನ್ನೂ ನೋಡುತ್ತ ನಿಂತಿದ್ದ ಜವಾನ ಬಂದು ಅರಗು ಸುರಿದ. ಆ ಘಾಟಿಗೆ ಪ್ರೊಫೆಸರರು ಬೆಚ್ಚಿಬಿದ್ದು, "ಇನ್ನೆಷ್ಟಿದೆ?" ಎಂದರು.

"ಎಲ್ಲಾ ನೀವೇ ಮುಗಿಸಿದ್ರಲ್ಲ ಸ್ವಾಮಿ!" ಎಂದರು ಮುಖ್ಯ ಪರೀಕ್ಷಕರು.

ಪ್ರೊಫೆಸರರು ನನ್ನ ಕಡೆ ನೋಡಿದರು. ನಾನು ಮಸಿಕುಡಿಕೆಗೆ ಮುಚ್ಚಳ ಹಾಕಿದೆ.

ಏಳು ಜನ ನಪಾಸಾದರು. ಆ ದಿನ ನನ್ನ ಕೈಗೆ ಒಂದು ಚೂರೂ ನಶ್ಯ ಅಂಟಿರಲಿಲ್ಲ. ಆದರೂ ನಲ್ಲಿಯ ಹತ್ತಿರ ಬಹಳ ಹೊತ್ತು ನಿಂತಿದ್ದೆ.

ಪ್ರೊಫೆಸರರೂ ಮುಖ್ಯ ಪರೀಕ್ಷಕರೂ ಈಗಿಲ್ಲ. ಅರಗು ಸುರಿದ ಜವಾನ ಲಷ್ಕರ್ ಮೊಹಲ್ಲಾದಲ್ಲಿ ಮಗಳ ಮನೆಯಲ್ಲಿದ್ದಾನೆ. ಎಷ್ಟು ಪತ್ರಿಕೆ ಎಂದು ಕೇಳಿದರೆ ಇವತ್ತಿಗೂ ಏಳು ಎನ್ನುತ್ತಾನೆ. ನೋಡಿದವರಲ್ಲಿ ಬದುಕಿರುವವರು ಅವನು ಮತ್ತು ನಾನು.