ಓಡುವ ನುಸಿಗಳ ಬೆನ್ನಿಗೆ ಬಿದ್ದ ಈಶಪ್ಪ

"ಲೇ ಈಶ್ಯಾ, ಹೆಂಗಸರ ತಲ್ಯಾಗ ಹೇನು ನೋಡಿದಂಗ ಬಾಳಿ ಎಲಿ ನೋಡ್ತಿಯಲ್ಲೋ! ಬ್ಯಾರೆ ದಗದಾ ಇಲ್ಲೇನ ನಿನಗ?"

ತೇರಗಾಂವದ ಬಾಳೆತೋಟದಲ್ಲಿ ಬೆಳಗಿನ ಮಂಜು ಇನ್ನೂ ಕರಗಿಲ್ಲ. ತೋಟದ ಮಾಲೀಕ ಲಗಮಪ್ಪ ಹೀಗೆ ಕೂಗುತ್ತಲೇ ಕಳೆ ತೆಗೆಯುವ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಾರೆ. ಎಲೆಯಡಿ ಕುಕ್ಕರಗಾಲಲ್ಲಿ ಕೂತ ಈಶಪ್ಪನವರ ಕಣ್ಣು ಭೂತಗನ್ನಡಿಯಿಂದ ಕದಲುವುದಿಲ್ಲ.

ಎಲೆಯ ಬೆನ್ನಿಗೆ ಮೆಲ್ಲಗೆ ಉಸಿರು ಬಿಡುತ್ತಾರೆ. ಸಾಸಿವೆಗಿಂತ ಸಣ್ಣ ಚುಕ್ಕೆಗಳಲ್ಲಿ ಕೆಲವು ಕೂತಲ್ಲೇ ಕೂತಿವೆ, ಕೆಲವು ದಡಬಡ ಓಡುತ್ತವೆ. ಕೂತವು ಎಲೆಯ ರಸ ಹೀರುವ ಕೆಂಪು ನುಸಿ. ಓಡುವವು ಅವನ್ನೇ ಹಿಡಿದು ತಿನ್ನುವ ನುಸಿ. ಓಡುವುದನ್ನು ಒದ್ದೆ ಕುಂಚದ ತುದಿಯಲ್ಲಿ ಎತ್ತಿ ಸ್ಪಿರಿಟ್ ಶೀಶೆಗೆ ಹಾಕುತ್ತಾರೆ. ಸಂಶೋಧನಾ ಕೇಂದ್ರದವರು ಸೂಕ್ಷ್ಮದರ್ಶಕದಲ್ಲಿ ನೋಡಿ ಅದರ ಜಾತಿ ಗುರುತಿಸುತ್ತಾರೆ. ನುಸಿಗೂ ಒಂದು ಹೆಸರು ಸಿಗುತ್ತದೆ ಸ್ವಾಮಿ! ಹಳಿಯಾಳದಿಂದ ಮುಂಡಗೋಡದವರೆಗೆ ಬಸ್ಸು ಹತ್ತಿಳಿದು ಅದನ್ನು ಹುಡುಕಿ ತಂದವರ ಹೆಸರು ಯಾವ ಕಾಗದದಲ್ಲಿದೆ? ತಲೆ ನರೆತರೂ ಈಶಪ್ಪ ಆ ಕೇಂದ್ರದ ದಿನಗೂಲಿಯೇ.

"ಮೊದಲ ಹಿಂಗಿದ್ದಿಲ್ಲ ನೋಡ್ರಿ," ಎನ್ನುತ್ತಾರೆ ಈಶಪ್ಪ. "ನಮ್ಮವ್ವ ಗುರುಸಿದ್ದವ್ವ ಹಿತ್ತಲದ ಬಾಳಿದು ಒಣ ಎಲಿ ಕೊಯ್ಯಾಕ ಬಿಡ್ತಿದ್ದಿಲ್ಲ. ಅದರಾಗ ಕಾಯಾವ್ರು ಅದಾರ ಅಂತಿದ್ಲು. ಯಾರವ್ವಾ ಅಂದ್ರ, ನನಗೇನ ಗೊತ್ತು, ನಿಮ್ಮಜ್ಜಿ ಹೇಳ್ಯಾಳ ಅಂತಿದ್ಲು."

ಅಂಥ ಒಣ ಎಲೆಯ ಮಡಿಕೆಯಲ್ಲೇ ಅವರು ಓಡುವ ನುಸಿಯನ್ನು ಮೊದಲು ಕಂಡದ್ದು. ಆಗ ಯಾವ ತೋಟ ಹೊಕ್ಕರೂ ಸಿಗುತ್ತಿದ್ದವಂತೆ. ಕೀಟದ ಔಷಧಿ ಹೊಡೆದರೆ ಓಡುವವೂ ಸಾಯುತ್ತವೆ; ಈಗ ಅವರು ತಿರುಗುವ ಊರುಗಳಲ್ಲಿ ಔಷಧಿ ಬೀಳದೆ ಉಳಿದಿರುವ ಹಳೆಯ ತೋಟ ಇದೊಂದೇ.

"ಇದೊಂದು ಉಳೀಲಿ. ನನಗ ಬ್ಯಾರೆ ಏನೂ ಬ್ಯಾಡ್ರಿ."

ಇಂದು ಲಗಮಪ್ಪನ ಬೆನ್ನಿನ ಮೇಲೆ ಔಷಧಿಯ ಪಂಪಿದೆ. "ನೋಡಿಲ್ಲೆ, ಎಲ್ಲಾ ಕೆಂಪಗ ಅದಾವ. ಇವನ್ನ ಒಳ್ಳೇವು ಅಂತಿ!"

"ಕೆಂಪು ನುಸಿ ತಿಂದ್ರ ಅವೂ ಕೆಂಪಾಗ್ತಾವ್ರಿ, ಸಾವಕಾರ್ರ. ಬಣ್ಣ ನೋಡಬ್ಯಾಡ್ರಿ, ಓಟ ನೋಡ್ರಿ. ಒಂದೆಂಟು ದಿನ ತಡೀರಿ."

"ಅಷ್ಟರಾಗ ಗೊನಿ ಹಾಳಾದ್ರ ನೀ ಹೊಣಿ ಆಗ್ತಿಯೇನು?"

ಈಶಪ್ಪ ಭೂತಗನ್ನಡಿಯನ್ನು ಜೇಬಿಗಿಳಿಸುತ್ತಾರೆ. "ಹಂಗಾರ ಎರಡು ಎಲಿ ಕೊಡ್ರಿ."

"ಒಯ್ಯಿ, ಒಯ್ಯಿ."

ಓಡುವ ನುಸಿ ತುಂಬಿದ ಎರಡು ಎಲೆ ಕೊಯ್ದು, ಒದ್ದೆ ಟವೆಲ್ಲಿನಲ್ಲಿ ಸುತ್ತುತ್ತಾರೆ. ಊರಾಚೆ ರೈತ ಶಂಕ್ರಪ್ಪ ಹೊಸದಾಗಿ ಬಾಳೆ ನೆಟ್ಟಿದ್ದಾನೆ, ಅಲ್ಲಿ ಇನ್ನೂ ಔಷಧಿ ಬಿದ್ದಿಲ್ಲ. ಬಿಸಿಲೇರುವುದರೊಳಗೆ ಇವನ್ನು ಅಲ್ಲಿಯ ಗಿಡಕ್ಕೆ ಕಟ್ಟಬೇಕು, ಇಲ್ಲದಿದ್ದರೆ ಉಳಿಯುವುದಿಲ್ಲ.

ಹಿಂದೆ ಪಂಪು ಸುಂಯ್ ಎನ್ನತೊಡಗುತ್ತದೆ.

"ಮಧ್ಯಾಹ್ನಕ್ಕ ಪಲ್ಯಾ ಮಾಡ್ಕೊಂಡು ತಿಂತಿಯೇನೋ?" ಲಗಮಪ್ಪ ಕೂಗುತ್ತಾನೆ.

ಈಶಪ್ಪ ಗಂಟಿಗೆ ಬಿಸಿಲು ತಾಗದಂತೆ ಎದೆಗವಚಿಕೊಂಡು, ಬದು ಹಿಡಿದು ನಡೆಯುತ್ತಾರೆ.