ನನ್ನ ಗಾಡಿಯ ಹಿಂದೆ ನಡೆದವರು

ನನ್ನ ಗಾಡಿಗೆ ನಾಲ್ಕು ಪುಟ್ಟ ಚಕ್ರ, ಒಂದೇ ಸೀಟು, ಮುಂದೊಂದು ತರಕಾರಿ ಬುಟ್ಟಿ. ಬ್ಯಾಟರಿಯಲ್ಲಿ ಓಡುತ್ತದೆ. ನಡೆಯಲಾಗದವರಿಗೆಂದೇ ಮಾಡಿದ್ದು. ಸಂಧಿವಾತ ನನ್ನ ಮಂಡಿ, ಪಾದ, ಕುತ್ತಿಗೆ ಒಂದೊಂದನ್ನೇ ಬಿಗಿಹಿಡಿದು, ಗೋಡೆ ಹಿಡಿದು ಬಚ್ಚಲಿಗೆ ಹೋಗುವಷ್ಟಕ್ಕೆ ತಂದು ನಿಲ್ಲಿಸಿದ ಮೇಲೆ ಮಾಲೂರಿನಲ್ಲಿರುವ ಮಗಳು ಇದನ್ನು ಕೊಡಿಸಿದಳು. ಅದಕ್ಕೆ ಮುಂಚೆ ನಾನು ಕಿಟಕಿಯ ಪಕ್ಕ ಕೂತು ಶ್ರೀನಿವಾಸಪುರದ ಆಗುಹೋಗುಗಳಿಗೆಲ್ಲ ಗೊಣಗುತ್ತಿದ್ದೆ. ಗೊಣಗು ಕೇಳಲು ಮನೆಯಲ್ಲಿ ಇದ್ದವರು ನಮ್ಮ ಯಜಮಾನರು ಒಬ್ಬರೇ.

ಮಗಳು ಗಾಡಿ ಕೊಡಿಸಿದ್ದೇನೋ ನಿಜ, ಆದರೆ ಮನಸ್ಸಿನಲ್ಲಿ ಅಳುಕಿತ್ತು. ಗಾಡಿ ಬಂದ ದಿನವೇ ಅಂಗಳದಲ್ಲಿ ನಿಂತು ಕಟ್ಟುನಿಟ್ಟಾಗಿ ಹೇಳಿದಳು.

"ನೋಡಮ್ಮ, ಒಂದೇ ಒಂದು ಸಲ ಎಲ್ಲಾದ್ರೂ ಯಾರಿಗಾದ್ರೂ ಗುದ್ದಿದೆ ಅಂತ ಗೊತ್ತಾದ್ರೆ, ಮಾರನೇ ದಿನಾನೇ ವಾಪಸ್ ಕಳಿಸ್ತೀನಿ. ಆಮೇಲೆ ಅತ್ತು ಕರೆದು ಮಾಡ್ಬೇಡ."

ಗಾಡಿ ತಂದವನು ಹೇಳಿಕೊಟ್ಟ ಪಾಠ ಚಿಕ್ಕದು. ಹ್ಯಾಂಡಲ್ಲಿನ ಬಲಗಡೆಯ ಲಿವರ್ ಒತ್ತಿದರೆ ಮುಂದಕ್ಕೆ, ಎಡಗಡೆಯದನ್ನು ಒತ್ತಿದರೆ ಹಿಂದಕ್ಕೆ. ಬ್ರೇಕು ಬೇರೆ ಇಲ್ಲ, ಕೈ ಬಿಟ್ಟರೆ ತಾನೇ ನಿಲ್ಲುತ್ತದೆ. ಆಮೆಯ ಚಿತ್ರದ ಕಡೆ ತಿರುಗಿಸಿದರೆ ನಿಧಾನ, ಮೊಲದ ಕಡೆ ತಿರುಗಿಸಿದರೆ ಜೋರು. ಹಂಪ್ ಬಂದರೆ ಓರೆಯಾಗಿ ಹತ್ತಿಸಬಾರದು, ನೇರವಾಗಿ ಹತ್ತಿಸಬೇಕು. ಹಿಂದಕ್ಕೆ ಬರುವ ಮುಂಚೆ ಆಮೆಗೆ ತಿರುಗಿಸಿ, ಹಿಂದೆ ತಿರುಗಿ ಕಣ್ಣಾರೆ ನೋಡಬೇಕು. "ಏನೇ ಗಾಬರಿಯಾದ್ರೂ ಕೈ ಬಿಟ್ಬಿಡಿ, ಅಷ್ಟೇ" ಅಂದ ಅವನು. ಎಲ್ಲಕ್ಕೂ ತಲೆಯಾಡಿಸಿದೆ. ಸರ್ಕಾರಿ ಪ್ರೈಮರಿ ಶಾಲೆಯಲ್ಲಿ ಮೇಡಮ್ಮಾಗಿ ಸವೆದವಳು ನಾನು, ಪಾಠ ಹೇಳಿದ್ದು ಗೊತ್ತೇ ಹೊರತು ಹೇಳಿಸಿಕೊಂಡು ಗೊತ್ತಿಲ್ಲ. ಅದೂ ಅಲ್ಲದೆ ಹಿಂದೆ ತಿರುಗಿ ನೋಡಲು ನನ್ನ ಕುತ್ತಿಗೆ ತಿರುಗಬೇಕಲ್ಲ! ಆ ಮಾತನ್ನು ನಾನು ಅವನಿಗೆ ಹೇಳಲಿಲ್ಲ. ಹೇಳಿದ್ದರೆ ಗಾಡಿಯನ್ನು ಇಳಿಸದೆ ಹಾಗೇ ತಿರುಗಿಸಿಕೊಂಡು ಹೋಗುತ್ತಿದ್ದನೇನೋ.

ಕುತ್ತಿಗೆಯ ಕೆಲಸವನ್ನು ನಮ್ಮ ಯಜಮಾನರು ವಹಿಸಿಕೊಂಡರು. ಅವರು ಕೋಲಾರ, ಮುಳಬಾಗಿಲು ಕಡೆಯ ಬಸ್ಸುಗಳಲ್ಲಿ ಕಂಡಕ್ಟರ್ ಆಗಿ ರಿಟೈರ್ ಆದವರು. ಬಸ್ಸು ಸ್ಟ್ಯಾಂಡಿನಲ್ಲಿ ಹಿಂದಕ್ಕೆ ಬರುವುದನ್ನು ನೀವೂ ನೋಡಿರುತ್ತೀರಿ. ಡ್ರೈವರ್‌ಗೆ ಹಿಂದಿನದು ಏನೂ ಕಾಣುವುದಿಲ್ಲ. ಕಂಡಕ್ಟರ್ ಇಳಿದು ಹಿಂದೆ ನಿಂತು, ಬಸ್ಸಿನ ಮೈ ತಟ್ಟುತ್ತ "ಬರ್ಲಿ, ಬರ್ಲಿ" ಅನ್ನುತ್ತಾನೆ. "ಹೋಲ್ಡಾನ್" ಅನ್ನುವ ತನಕ ಡ್ರೈವರ್ ಬರುತ್ತಲೇ ಇರುತ್ತಾನೆ. ಆ ಮಾತು ಬರಲಿಲ್ಲ ಅಂದರೆ ಹಿಂದೆ ಜಾಗ ಇದೆ ಅಂತಲೇ ಅರ್ಥ. ನಮ್ಮ ಯಜಮಾನರು ಆ ಇಡೀ ಪದ್ಧತಿಯನ್ನು ತಂದು ನನ್ನ ಪುಟಗೋಸಿ ಗಾಡಿಗೆ ಅಂಟಿಸಿದರು.

ದಿನಾ ಸಂಜೆ ನಾವಿಬ್ಬರೂ ಹೊರಡುತ್ತಿದ್ದೆವು. ಗಾಡಿಯಲ್ಲಿ ನಾನು, ಎರಡು ಹೆಜ್ಜೆ ಹಿಂದೆ ಅವರು. ಮೋರಿಯ ಚಪ್ಪಡಿ ಒಡೆದಿರುವ ಕಡೆ "ರೈಟಿಗೆ, ರೈಟಿಗೆ". ಬೈಕು ಅಡ್ಡ ಬಂದರೆ "ಹೋಲ್ಡಾನ್". ದಾರಿ ಬಿಟ್ಟಿತು ಅಂದರೆ ಸೀಟಿನ ಬೆನ್ನಿಗೆ ಟಪಟಪ ಎರಡು ಏಟು, "ರೈಟ್ ರೈಟ್". ಬಸ್ಸಿನ ಇಂಜಿನ್ ಸದ್ದಿನ ಮೇಲೆ ಕೂಗಿ ಪಳಗಿದ ಗಂಟಲು, ಸಣ್ಣಗೆ ಮಾತಾಡುವುದೇ ಅದಕ್ಕೆ ಗೊತ್ತಿಲ್ಲ. ಬೀದಿಗೆ ಬೀದಿಯೇ ತಿರುಗಿ ನೋಡುತ್ತಿತ್ತು. ನಾನು ನಾಚಿಕೆಯಿಂದ ಹಿಡಿಯಷ್ಟಾಗುತ್ತಿದ್ದೆ. ಆದರೂ ಹಿಂದಕ್ಕೆ ಬರಬೇಕಾದಾಗಲೆಲ್ಲ ಆ ಗಂಟಲನ್ನು ನಂಬಿ ಎಡಗಡೆಯ ಲಿವರ್ ಒತ್ತುತ್ತಿದ್ದೆ. ಹಿಂದಿನದು ಕಾಣಲೆಂದು ಹ್ಯಾಂಡಲ್ಲಿಗೆ ಹಾಕಿದ್ದ ಕನ್ನಡಿಯನ್ನು ಒಂದು ದಿನವೂ ಸರಿಮಾಡಿಕೊಳ್ಳಲಿಲ್ಲ.

ಒಂದು ಸಂಜೆ ಹಳೇ ಬಸ್ ಸ್ಟ್ಯಾಂಡ್ ಹತ್ತಿರ ನನ್ನ ಹಳೇ ವಿದ್ಯಾರ್ಥಿಯೊಬ್ಬ ಸಿಕ್ಕಿದ. ಈಗ ಮೀಸೆ ತಿರುವುವ ದೊಡ್ಡ ಮನುಷ್ಯ, ಮಾವಿನ ಮಂಡಿ ಇಟ್ಟಿದ್ದಾನೆ. ನಾಲ್ಕು ಜನರ ಮುಂದೆ ಹಲ್ಲು ಕಿಸಿದು ಕೇಳಿದ: "ಏನ್ ಮಿಸ್, ಬಸ್ಸು ಎಲ್ಲಿಗೆ? ಚಿಂತಾಮಣಿಗಾದ್ರೆ ನಮ್ದೂ ಒಂದು ಟಿಕೆಟ್ ಕೊಡ್ಸಿ." ನಮ್ಮ ಯಜಮಾನರು ಎಲ್ಲರಿಗಿಂತ ಜೋರಾಗಿ ನಕ್ಕರು. "ಚಿಲ್ರೆ ಇದ್ರೆ ಹತ್ತಪ್ಪ" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಇಡೀ ತರಗತಿಯನ್ನು ಒಂದು ಕಣ್ಣೋಟದಲ್ಲಿ ಸುಮ್ಮನಾಗಿಸುತ್ತಿದ್ದವಳು ನಾನು.

ಮನೆಗೆ ಬಂದವಳೇ ಚೀಲ ಎಸೆದು ಕೂಗಾಡಿದೆ. "ನಾನೇನು ನಿಮ್ಮ ಬಸ್ಸಾ? ನಾಳೆಯಿಂದ ನನ್ನ ಹಿಂದೆ ಬರೋದಾದ್ರೆ ಬಾಯಿ ಮುಚ್ಕೊಂಡು ಬನ್ನಿ. ಒಂದು ಶಬ್ದ ಬರಬಾರದು. ಇಲ್ಲಾಂದ್ರೆ ಬರಲೇಬೇಡಿ."

ಅವರು ಚಪ್ಪಲಿ ಬಿಡುತ್ತಿದ್ದರು. ಒಂದು ಗಳಿಗೆ ನನ್ನನ್ನು ನೋಡಿದರು. "ಆಯ್ತು ಬಿಡು" ಅಂದರು. ವಾದ ಮಾಡಲಿಲ್ಲ, ಮುಖ ಊದಿಸಲೂ ಇಲ್ಲ. ರಾತ್ರಿ ಸಾರು ಚೆನ್ನಾಗಿದೆ ಅಂತ ಎರಡು ಸಲ ಹಾಕಿಸಿಕೊಂಡರು.

ಮಾರನೇ ದಿನ ನಾನು ರಾಣಿಯ ಹಾಗೆ ಹೊರಟೆ. ಹಿಂದೆ ಚಪ್ಪಲಿಯ ಸದ್ದು ಮಾತ್ರ ಬರುತ್ತಿತ್ತು. ನನಗೆಷ್ಟು ಖುಷಿಯಾಗಿತ್ತು ಅಂದರೆ, ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಮಾವಿನ ಕಾಲ. ತರಕಾರಿ ಅಂಗಡಿಯ ಓಣಿಗೆ ಎದುರಿನಿಂದ ಹಣ್ಣಿನ ಕ್ರೇಟು ತುಂಬಿದ ಟೆಂಪೋ ನುಗ್ಗಿತು. ಅದು ಹಿಂದೆ ಸರಿಯುವ ಹಾಗಿರಲಿಲ್ಲ, ನಾನೇ ಸರಿಯಬೇಕಾಯಿತು. ಟೆಂಪೋದವನು ಹಾರ್ನ್ ಒತ್ತುತ್ತಲೇ ಇದ್ದ. ನಾನು ಎಡಗಡೆಯ ಲಿವರ್ ಒತ್ತಿದೆ. ಮೊಲವನ್ನು ಆಮೆ ಮಾಡುವುದನ್ನೂ ಮರೆತಿದ್ದೆ. ಹಿಂದಿನಿಂದ ಹೋಲ್ಡಾನ್ ಬರಲಿಲ್ಲ, ಹಾಗಾಗಿ ಜಾಗ ಇದೆ ಅಂದುಕೊಂಡೆ. ಬಾಯಿ ಮುಚ್ಚಿಸಿದವಳು ನಾನೇ ಅನ್ನುವುದು ಆ ಕ್ಷಣ ನನ್ನ ಕೈಗೆ ನೆನಪಿರಲಿಲ್ಲ.

ಅವರು ಹಿಂದೆ ಎಂದಿನ ಜಾಗದಲ್ಲೇ ಇದ್ದರು. ಹಿಂದಿನಿಂದ ಬರುತ್ತಿದ್ದ ಬೈಕೊಂದು ನನ್ನ ಮೇಲೆ ಬರದಿರಲೆಂದು, ನನಗೆ ಬೆನ್ನು ಮಾಡಿ, ಕೈಯೆತ್ತಿ ಅದನ್ನು ತಡೆದು ನಿಂತಿದ್ದರು. ಗಾಡಿ ಅವರ ಹಿಮ್ಮಡಿಗೆ ಬಡಿಯಿತು. ಅವರು ಬಿದ್ದರು. ಏನೋ ಕುಲುಕಿದ್ದಕ್ಕೆ ನಾನು ಬೆದರಿದೆ, ಬೆದರಿದ್ದಕ್ಕೆ ಕೈ ಬಿಡುವ ಬದಲು ಇನ್ನೂ ಗಟ್ಟಿಯಾಗಿ ಹಿಡಿದೆ. ಹುಟ್ಟಿದಾಗಿನಿಂದ ಭಯವಾದರೆ ಗಟ್ಟಿಯಾಗಿ ಹಿಡಿದುಕೊಂಡೇ ಅಭ್ಯಾಸ. ಚಕ್ರ ಅವರ ಕಾಲಿನ ಮೇಲೆ ಹತ್ತಿತು. ತರಕಾರಿಯವಳು ತೆಲುಗಿನಲ್ಲಿ "ಆಪಮ್ಮಾ, ಆಪು, ಆಪು!" ಅಂತ ಬಡಿದುಕೊಳ್ಳುತ್ತಿದ್ದಳು. ನಿಲ್ಲಿಸು ಅನ್ನುವ ಆ ಕೂಗು ನನ್ನ ಕಿವಿಗೆ ಬಿತ್ತೇ ಹೊರತು ಕೈಗೆ ಮುಟ್ಟಲಿಲ್ಲ. ಆಮೇಲೆ ನೆಲದಿಂದ "ಹೋಲ್ಡಾನ್!" ಅಂತ ಅವರು ಕೂಗಿದರು. ಆಗ ಕೈ ಬಿಟ್ಟೆ.

ಕೋಲಾರದ ಆಸ್ಪತ್ರೆಯಲ್ಲಿ ಹಿಮ್ಮಡಿಯ ಗಂಟಿಗೆ ಪ್ಲೇಟು ಹಾಕಿ ಸ್ಕ್ರೂ ಬಿಗಿದರು. ಹೇಗಾಯಿತು ಅಂತ ಡಾಕ್ಟರ್ ಕೇಳಿದಾಗ ನಾನು ಪಕ್ಕದಲ್ಲೇ ವೀಲ್‌ಚೇರಿನಲ್ಲಿ ಕೂತಿದ್ದೆ. ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ಅವರು, "ಮೋರಿ ಚಪ್ಪಡಿ ಮೇಲೆ ಕಾಲಿಟ್ಟೆ ಸಾರ್, ಜಾರಿಬಿಡ್ತು" ಅಂದರು. ಮಾಲೂರಿನಿಂದ ಓಡಿ ಬಂದ ಮಗಳಿಗೂ ಅದನ್ನೇ ಹೇಳಿದರು. ಅವಳು ಅಪ್ಪನನ್ನು ಬೈದಳು. "ನೋಡ್ಕೊಂಡು ನಡೆಯೋಕೇನಪ್ಪ ನಿನಗೆ? ಅಮ್ಮನ್ನ ನೋಡು, ಆ ಕುತ್ತಿಗೆ ಇಟ್ಕೊಂಡು ಎಷ್ಟು ಹುಷಾರಾಗಿ ಗಾಡಿ ಓಡಿಸ್ತಾಳೆ." ನಾನು ತೆರೆದ ಬಾಯಿಯನ್ನು ಮುಚ್ಚಿಕೊಂಡೆ. ಅಷ್ಟು ಸುಲಭವಾಗಿ ಮುಚ್ಚಿಕೊಂಡೆನಲ್ಲ!

ಮನೆಗೆ ಬಂದ ಮೇಲೆ, ಅವರ ಕಾಲಿನ ಕೆಳಗೆ ದಿಂಬು ಇಡುತ್ತ ಕೇಳಿದೆ. "ಯಾಕ್ರೀ ಸುಳ್ಳು ಹೇಳಿದ್ರಿ?"

"ನಿಜ ಹೇಳಿದ್ರೆ ಗಾಡಿ ಹೋಗುತ್ತೆ ಕಣೇ. ಗಾಡಿ ಹೋದ್ರೆ ನೀನು ಮತ್ತೆ ಆ ಕಿಟಕಿ ಹತ್ರ ಕೂತ್ಕೊಂಡು ನನ್ನ ಪ್ರಾಣ ತಿಂತೀಯ. ಈಗ ಎದ್ದು ಓಡಿಹೋಗೋಕೂ ಆಗಲ್ಲ ನನಗೆ."

ನಗಿಸಲು ಹೇಳಿದ್ದು. ನನಗೆ ನಗು ಬರಲಿಲ್ಲ. "ಆವತ್ತು ಒಂದು ಮಾತು ಕೂಗಬಾರದಾಗಿತ್ತಾ?" ಅಂದೆ.

"ನೀನೇ ಬೇಡ ಅಂದಿದ್ದೆಯಲ್ಲ" ಅಂದರು. ಅದರಲ್ಲಿ ಚುಚ್ಚು ಇರಲಿಲ್ಲ. ಡಿಪೋದಲ್ಲಿ ಹಾಕಿದ ನಿಯಮವನ್ನು ಹೇಳುವ ಹಾಗೆ ಹೇಳಿದರು. ಬೈದಿದ್ದರೆ ನಾನೂ ಎರಡು ಮಾತು ತಿರುಗಿಸಿ ಆಡಿ ಹಗುರಾಗುತ್ತಿದ್ದೆ. ಅದಕ್ಕೂ ಅವರು ಅವಕಾಶ ಕೊಡಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಹಾಲು, ಮಾತ್ರೆ, ತರಕಾರಿ ಎಲ್ಲವನ್ನೂ ನಾನೇ ಗಾಡಿಯಲ್ಲಿ ಹೋಗಿ ತಂದೆ. ಕನ್ನಡಿಯನ್ನು ಸರಿಮಾಡಿಸಿದೆ. ಹಿಂದಕ್ಕೆ ಬರಬೇಕಾದರೆ ಯಾರನ್ನಾದರೂ ಕೂಗಿ, ನೋಡಿ ಹೇಳಿ ಎಂದು ಕೇಳುತ್ತಿದ್ದೆ. ಆಮೆಯಿಂದ ಮೊಲಕ್ಕೆ ತಿರುಗಿಸಿಲ್ಲ. ಬೀದಿಯವರು ಹೊಗಳಿದ್ದೇ ಹೊಗಳಿದ್ದು. ಕಾಲಿಲ್ಲದವಳು ಗಂಡನನ್ನು ಹೇಗೆ ನೋಡಿಕೊಳ್ಳುತ್ತಾಳೆ ನೋಡಿ ಅನ್ನುತ್ತಿದ್ದರು. ಓಣಿಯಲ್ಲಿ ಎಲ್ಲವನ್ನೂ ಕಂಡಿದ್ದ ತರಕಾರಿಯವಳು ಮಾತ್ರ ಏನೂ ಅನ್ನದೆ ಟೊಮೆಟೊ ತೂಗಿ ಬುಟ್ಟಿಗೆ ಹಾಕುತ್ತಿದ್ದಳು. ಅವಳ ಮುಖ ನೋಡಲಾಗದೆ ನಾನು ಟೊಮೆಟೊ ನೋಡುತ್ತಿದ್ದೆ.

ಅವರ ಕಾಲು ಸರಿಹೋಗಲಿಲ್ಲ. ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ಟಿಕೆಟ್ ಹರಿಯುತ್ತಿದ್ದ ಮನುಷ್ಯ ಕೋಲೂರಿ ಗೇಟಿನ ತನಕ ಹೋಗಿ ಬಂದರೆ ಮುಖ ಬೆವರುತ್ತಿತ್ತು. ಇಷ್ಟೇ ಇನ್ನು, ಅಂದರು ಡಾಕ್ಟರ್. ದಸರಾ ರಜೆಗೆ ಬಂದ ಮಗಳು ಅದನ್ನು ನೋಡಿ ಒಂದು ಉಪಾಯ ಹೇಳಿದಳು.

"ಅಪ್ಪ, ನೀನೂ ಇದೇ ಗಾಡಿ ಕಲಿ. ಅಮ್ಮಾನೇ ಹೇಳಿಕೊಡ್ತಾಳೆ. ಇಷ್ಟು ದಿನದಲ್ಲಿ ಒಬ್ಬರಿಗೂ ತಗುಲಿಸಿಲ್ಲ ಅವಳು."

ಹಾಗಾಗಿ ಒಂದು ಬೆಳಿಗ್ಗೆ ಮಗಳು ಶಾಲೆಯ ಮೈದಾನದಲ್ಲಿ ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಅವರನ್ನು ಗಾಡಿಯಲ್ಲಿ ಕೂರಿಸಿದಳು. ಜೀವಮಾನವೆಲ್ಲ ಬಸ್ಸಿನಲ್ಲಿ ಕಳೆದರೂ ಡ್ರೈವರ್ ಜಾಗದಲ್ಲಿ ಕೂತವರಲ್ಲ. ಆದರೂ ಮುಂದಕ್ಕೆ ಹೋಗುವುದನ್ನು ಬೇಗ ಕಲಿತರು. ಹಿಂದಕ್ಕೆ ಬರುವುದನ್ನು ಹೇಳಿಕೊಡಬೇಕಿತ್ತು. "ಮೊದಲು ಕುತ್ತಿಗೆ ತಿರುಗಿಸಿ, ಕಣ್ಣಾರೆ ನೋಡಿ" ಅಂದೆ. ಅವರು ಒಳ್ಳೆಯ ವಿದ್ಯಾರ್ಥಿಯ ಹಾಗೆ ತಿರುಗಿ ನೋಡಿದರು. ಆ ಕಡೆ ಒಮ್ಮೆ, ಈ ಕಡೆ ಒಮ್ಮೆ.

"ನೋಡಿದೆ. ಹಿಂದೆ ಯಾರೂ ಇಲ್ಲ. ಬರ್ಲಾ?" ಅಂದರು.

ನನಗೆ ಅಳು ಒತ್ತರಿಸಿಕೊಂಡು ಬಂತು. ಮಗಳು ಏನಾಯ್ತಮ್ಮ ಅಂತ ಓಡಿ ಬಂದಳು. ಆ ಮೈದಾನದಲ್ಲೇ, ಅವಳ ಕೈ ಹಿಡಿದುಕೊಂಡು ಎಲ್ಲವನ್ನೂ ಹೇಳಿದೆ. ಅಪ್ಪ ಜಾರಲಿಲ್ಲ, ನಾನೇ ಹತ್ತಿಸಿದ್ದು, ಕೂಗಬೇಡಿ ಅಂದವಳೂ ನಾನೇ. ದೂರದಿಂದ ಯಜಮಾನರು "ಏಯ್, ಸುಮ್ನಿರೇ, ಗಾಡಿ ಹೋಗುತ್ತೆ!" ಅಂತ ಕೂಗುತ್ತಲೇ ಇದ್ದರು.

ಮಗಳು ಕಣ್ಣು ಒರೆಸಿಕೊಂಡಳು. "ವಾಪಸ್ ಕಳಿಸ್ತೀನಿ ಅಂತ ಹೇಳಿದ್ದೆ ನಿಜ. ಈಗ ಹೇಗಮ್ಮ ಕಳಿಸ್ಲಿ? ಅಪ್ಪಂಗೂ ಅದೇ ಬೇಕಾಗಿದೆಯಲ್ಲ" ಅಂದಳು.

ಹೀಗೆ ಗಾಡಿ ನಮ್ಮ ಮನೆಯಲ್ಲೇ ಉಳಿಯಿತು. ನಾನು ಮುರಿದ ಕಾಲೇ ಅದನ್ನು ನನಗೆ ಉಳಿಸಿಕೊಟ್ಟಿತು.

ಈಗ ಬೆಳಿಗ್ಗೆ ನಾನು ಹೋಗುತ್ತೇನೆ. ಮಧ್ಯಾಹ್ನ ಚಾರ್ಜಿಗೆ ಹಾಕಿರುತ್ತೇವೆ, ಸಂಜೆ ಅವರು ಹೋಗುತ್ತಾರೆ. ಮೊನ್ನೆ ದೇವಸ್ಥಾನದ ಹತ್ತಿರ ಹೂವಿನವಳು ಕನಕಾಂಬರ ಅಳೆಯುತ್ತ ಕೇಳಿದಳು.

"ಏನಮ್ಮಾ, ಸಂಜೆ ನಿಮ್ಮೆಜಮಾನರು ಒಬ್ರೇ ಬರ್ತಾರೆ, ಬೆಳಗ್ಗೆ ನೀವೊಬ್ರೇ ಬರ್ತೀರ. ಮುಂಚೆ ಇಬ್ರೂ ಜೊತೇಲಿ ಓಡಾಡ್ತಿದ್ರಲ್ಲ, ಮಾತು ಬಿಟ್ಟಿದೀರಾ?"

"ಇಲ್ಲಮ್ಮ," ಅಂದೆ. "ಅವರ ಕಾಲು ನಾನೇ ಮುರಿದೆ. ಈಗ ಇಬ್ಬರೂ ಒಟ್ಟಿಗೆ ಹೊರಗೆ ಬರೋಕಾಗಲ್ಲ."