ಅಕ್ಕನ ಹಲ್ಲಿಗೆ ನಾನು ಹಾಕಿದ ಸಹಿ

ನಮ್ಮಕ್ಕ ಹುಚ್ಚವ್ವ ಕೌದಿ ಹೊಲಿಯುವವಳು. ತಿಳವಳ್ಳಿಯಲ್ಲಿ ಹಳೇ ಸೀರೆ, ಧೋತರ ಹಿಡಿದುಕೊಂಡು ಯಾರೇ ಬಂದರೂ ಎಂಟು ದಿನದಲ್ಲಿ ಬೆಚ್ಚನೆಯ ಕೌದಿ ಮಾಡಿ ಕೊಡುತ್ತಾಳೆ. ಗಂಡ ಬಿಟ್ಟ ಮೇಲೆ ತವರಿಗೆ ಬಂದಳು. ಅಪ್ಪ, ಅವ್ವ ಒಂದೇ ವರ್ಷದಲ್ಲಿ ತೀರಿಕೊಂಡಾಗ ಏಳು ವರ್ಷದ ನನ್ನನ್ನು ಸಾಕಲು ಸೂಜಿ ಹಿಡಿದಳು. ಕತ್ತರಿ ಮುಟ್ಟಿದವಳಲ್ಲ. ದಾರವನ್ನು ಹಲ್ಲಿನಿಂದಲೇ ಕಡಿಯುವುದು. ನಲವತ್ತು ವರ್ಷ ಕಡಿದು ಕಡಿದು ಮುಂದಿನ ಹಲ್ಲು ಸವೆದವು, ಅಲ್ಲಾಡಿದವು, ಬಿದ್ದವು. ಹಿಂದಿನವೂ ಹುಳುಕಾಗಿ ಹೋದವು. ಆ ಕೌದಿಗಳ ಮೇಲೆಯೇ ನನ್ನ ಹೈಸ್ಕೂಲು, ಕಾಲೇಜು, ಕೊನೆಗೆ ಹಾನಗಲ್ಲಿನ ಸಿಮೆಂಟಿನ ಅಂಗಡಿ ಎಲ್ಲ ಆಯಿತು. ಫಕ್ಕೀರೇಶ ಟ್ರೇಡರ್ಸ್ ಎಂದು ದೊಡ್ಡ ಬೋರ್ಡು ಬರೆಸಿದ್ದೇನೆ. ಥೂ, ನನ್ನ ಜನ್ಮಕ್ಕಿಷ್ಟು.

ಎರಡು ವರ್ಷದ ಹಿಂದೆ ಅಕ್ಕ ಅಂಗಡಿಗೆ ಬಂದು ಸೆರಗಿನ ಮರೆಯಿಂದ ಕೇಳಿದ್ದಳು.

"ತಮ್ಮಾ, ರೊಟ್ಟಿ ಕಡಿಯಾಕ ಆಗವಲ್ದು. ಹಲ್ಲಿನ ಸೆಟ್ ಹಾಕ್ತಾರಂತಲ್ಲ, ಹಾಕಸ್ತೀಯೇನು?"

ನಾನು ಹುಟ್ಟಿದಾಗಿನಿಂದ ಅವಳು ನನ್ನ ಹತ್ತಿರ ಬಾಯಿಬಿಟ್ಟು ಕೇಳಿದ್ದು ಅದೊಂದೇ. "ಹಾಕಸೋಣಕ್ಕ, ಅದೇನ ದೊಡ್ಡ ಮಾತು" ಅಂದೆ.

ಆಮೇಲೆ ನಾನು ವ್ಯಾಪಾರಿಯಾದೆ. ಸಿಮೆಂಟಿಗೆ ನಾಲ್ಕು ಕಡೆ ರೇಟು ಕೇಳಿದ ಹಾಗೆ ಹಲ್ಲಿಗೂ ಕೇಳುತ್ತ ಹೊರಟೆ. ಶಿಗ್ಗಾಂವಿಯ ಡಾಕ್ಟರು ಇಪ್ಪತ್ತೆರಡು ಸಾವಿರ ಅಂದರು. ಸವಣೂರಿನವರು ಹದಿನೆಂಟು, ಆದರೆ ಒಳಗುಳಿದ ಬೇರು ಕೀಳುವುದಕ್ಕೆ ಬೇರೆ ದುಡ್ಡು. ಹಿರೇಕೆರೂರಿನವರು ಹನ್ನೆರಡಕ್ಕೇ ಮಾಡುತ್ತೇನೆ ಅಂದಾಗ, ಇಷ್ಟು ಅಗ್ಗದ ಹಲ್ಲು ಎಷ್ಟು ದಿನ ಬಾಳೀತು ಎಂದು ಅನುಮಾನಪಟ್ಟೆ. ತುಟ್ಟಿಯಾದರೆ ತುಟ್ಟಿಯೆಂದು ಬಿಟ್ಟೆ, ಅಗ್ಗವಾದರೆ ಅಗ್ಗವೆಂದು ಬಿಟ್ಟೆ. ಅಕ್ಕ ಕೇಳಿದಾಗಲೆಲ್ಲ ಮೆಕ್ಕೆಜೋಳ ಬರಲಿ, ದೀಪಾವಳಿ ಆಗಲಿ ಎಂದು ಮೂಗಿಗೆ ತುಪ್ಪ ಸವರಿದೆ. ಆರು ತಿಂಗಳಿಗೆ ಅವಳು ಕೇಳುವುದನ್ನೇ ಬಿಟ್ಟಳು.

ಇದರ ನಡುವೆ ನನ್ನದೊಂದು ದವಡೆ ಹಲ್ಲು ನೋಯಿತು. ಆಗ ಯಾವ ರೇಟೂ ಕೇಳಲಿಲ್ಲ. ಮರುದಿನವೇ ಹುಬ್ಬಳ್ಳಿಗೆ ಹೋಗಿ ರೂಟ್ ಕೆನಾಲ್ ಮಾಡಿಸಿ, ಕ್ಯಾಪ್ ಹಾಕಿಸಿಕೊಂಡು ಬಂದೆ. ಹದಿನಾಲ್ಕು ಸಾವಿರ. ಮನೆಯಲ್ಲಿ ಎಂಟು ಅಂತ ಸುಳ್ಳು ಹೇಳಿದೆ.

ಮಗಳ ನಿಶ್ಚಯದ ದಿನ ಬೀಗರು ಪಂಕ್ತಿಗೆ ಕೂತಾಗ ಅಕ್ಕ ಅಡುಗೆಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ, ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುತ್ತಿದ್ದಳು. ಸದ್ಯ, ಬೀಗರ ಕಣ್ಣಿಗೆ ಬೀಳಲಿಲ್ಲವಲ್ಲ ಅಂದುಕೊಂಡೆ. ಅಂದುಕೊಂಡಿದ್ದು ನಿಜ, ಈಗ ಮುಚ್ಚಿಟ್ಟು ಏನು ಮಾಡಲಿ.

ಹೋದ ತಿಂಗಳು ಹಾನಗಲ್ಲಿನ ಕಲ್ಯಾಣ ಮಂಟಪದಲ್ಲಿ ಯಾವುದೋ ಟ್ರಸ್ಟಿನವರು ಉಚಿತ ದಂತಪಂಕ್ತಿ ಶಿಬಿರ ಮಾಡಿದರು. ನೋಡಿಕೊಳ್ಳುವವರಿಲ್ಲದ ಬಡವರಿಗೆ ಪುಕ್ಕಟೆ ಸೆಟ್. ಇನ್ನೂರು ಜನರ ಉಪ್ಪಿಟ್ಟು, ಬಾಳೆಹಣ್ಣು ನನ್ನ ಲೆಕ್ಕಕ್ಕೆ ಹಾಕಿ, ಕರೆದು ವೇದಿಕೆಯ ಮೇಲೆ ಕೂಡಿಸಿದರು. ಶಾಲು ಹೊದಿಸಿದರು. ಉಬ್ಬಿ ಕೂತೆ. ಅಲ್ಲಿಂದ ಕೆಳಗೆ ನೋಡಿದರೆ ಹೆಂಗಸರ ಸಾಲಿನಲ್ಲಿ ಅಕ್ಕ. ಒಬ್ಬಳೇ ಬಸ್ಸು ಹತ್ತಿ ಬಂದಿದ್ದಳು. ನನ್ನ ಕಣ್ಣಿಗೆ ಕಣ್ಣು ಸಿಕ್ಕಿತು, ಅವಳೇ ಮುಖ ತಿರುಗಿಸಿದಳು.

ಸ್ವಲ್ಪ ಹೊತ್ತಿಗೆ ಹೆಸರು ಬರೆದುಕೊಳ್ಳುವ ಹುಡುಗಿ ಭಾಗ್ಯಶ್ರೀ, ಅಕ್ಕನನ್ನು ಜೊತೆಗೆ ಕರೆದುಕೊಂಡು ನನ್ನ ಹತ್ತಿರವೇ ಬಂದಳು.

"ಸರ್, ಒಂದು ಸಹಿ ಬೇಕಾಗಿತ್ರಿ. ಈ ಅಮ್ಮಗ ಹಿಂದ ಮುಂದ ಯಾರೂ ಇಲ್ಲ. ಗೊತ್ತಿದ್ದವರೊಬ್ಬರು ಬರದು ಕೊಟ್ರ ಇವತ್ತ ಅಳತಿ ತಗೋತಾರ. ತಿಳವಳ್ಳಿಯಾಕಿ ಅಂತ, ನಿಮಗ ಗುರ್ತ ಐತೇನ್ರಿ?"

ನಮ್ಮಕ್ಕ ಅನ್ನುವ ಒಂದು ಮಾತು ಸಾಕಿತ್ತು. ಅದನ್ನು ಆಡಲಿಲ್ಲ. ಪಕ್ಕದ ಕುರ್ಚಿಗಳಲ್ಲಿ ಊರಿನ ದೊಡ್ಡವರೆಲ್ಲ ಇದ್ದರು, ಅವರು ಕೇಳಿಸಿಕೊಂಡಾರು ಎಂಬ ಅಂಜಿಕೆ ಒಂದು. ಇನ್ನೊಂದನ್ನೂ ಹೇಳಿಬಿಡುತ್ತೇನೆ: ಆ ಹೊತ್ತಿನಲ್ಲೂ ಹನ್ನೆರಡು ಸಾವಿರ ಉಳಿಯಿತು ಎಂದು ನನ್ನ ತಲೆ ಲೆಕ್ಕ ಹಾಕಿತು.

"ಗುರ್ತ ಐತಿ. ನಮ್ಮೂರಾಕಿ" ಅಂದೆ.

ಅವಳು ಚಾಚಿದ ಅರ್ಜಿಯಲ್ಲಿ, ಈಕೆಗೆ ಯಾವ ಆಸರೆಯೂ ಇಲ್ಲವೆಂದು ಬಲ್ಲೆ ಎಂದು ಅಚ್ಚಾಗಿತ್ತು. ಅದರ ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಮಾಡಿದೆ. ಅಕ್ಕ ಕೈಮುಗಿದು, "ಉಪಕಾರ ಆತ್ರಿ" ಅಂದಳು. ನನಗೆ, ತಾನೇ ಎಣ್ಣೆ ಹಚ್ಚಿ ಎರೆದು ಬೆಳೆಸಿದವನಿಗೆ, ರೀ ಹಚ್ಚಿ ಮಾತಾಡಿದಳು.

ಮಧ್ಯಾಹ್ನ ಬಸ್ ಸ್ಟ್ಯಾಂಡಿಗೆ ಓಡಿದೆ. ತಪ್ಪು ಮಾಡಿದವನಿಗೆ ಸಿಟ್ಟು ಜಾಸ್ತಿ ಬರುತ್ತದೆ, ನನಗೂ ಬಂತು. ಬೆಂಚಿನ ಮೇಲೆ ಕೂತಿದ್ದವಳ ಮುಂದೆ ನಿಂತು ಜಬರಿಸಿದೆ.

"ಹಿಂದ ಮುಂದ ಯಾರೂ ಇಲ್ಲಂತ ಬರಸ್ತೀಯೇನಕ್ಕ? ನಾ ಏನ ಸತ್ತೇನೇನು?"

ಅಕ್ಕ ಬಾಯಿಯ ಮೇಲಿನ ಸೆರಗು ತೆಗೆದಳು. ಅಳತೆಯ ಗುಲಾಬಿ ಮೇಣ ತುಟಿಗೆ ಇನ್ನೂ ಅಂಟಿತ್ತು.

"ನಾ ಬರಸಲಿಲ್ಲೋ. ಎರಡ ವರ್ಷ ಹಲ್ಲಿಲ್ಲದ ಹೆಂಗ ಇದ್ದಿಬೇ, ನಿನಗ ಯಾರೂ ಇಲ್ಲೇನು ಅಂತ ಆ ಹುಡುಗಿ ಕೇಳಿದ್ಲು. ತಮ್ಮ ಅದಾನ ಅಂದಿದ್ರ, ಯಾರು ಅಂತ ಕೇಳ್ತಿದ್ಲು. ನೀ ಮ್ಯಾಲ ಶಾಲು ಹೊದ್ಕೊಂಡು ಕುಂತಿದ್ದಿ. ಅದಕ್ಕ ಸುಮ್ಮನಾದೆ."